ಬಿಡಿ ಚಿತ್ರಗಳು ಚೆನ್ನಾಗಿವೆ, ಒಟ್ಟಿಗೆ ಇಟ್ಟರೆ ಕತೆ ಕಾಣ್ತಿಲ್ಲ. ಸುತ್ತಲಿನ ಜನರ ಬಗ್ಗೆ ಫೋಟೋ ಸರಣಿ ಮಾಡೋದು ಹೇಗೆ?

ಮೂರನೇ_ಮಹಡಿ ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಬರೀ ಓದಿಕೊಂಡಿದ್ದವಳು, ಮೊದಲ ಸಲ ಪ್ರಶ್ನೆ ಹಾಕ್ತಿದ್ದೀನಿ.

ನಾನಿರೋ ಬೀದಿಯಲ್ಲಿ ಒಂದು ಸಾರ್ವಜನಿಕ ವಾಚನಾಲಯ ಇದೆ. ಒಂದೇ ಹಾಲ್, ಉದ್ದನೆಯ ಎರಡು ಮೇಜು, ಒಂದು ಕಡೆ ದೊಡ್ಡ ಕಿಟಕಿ. ಬಾಗಿಲು ತೆಗೆಯೋ ಮುಂಚೆಯೇ ಮೆಟ್ಟಿಲ ಮೇಲೆ ನಾಲ್ಕೈದು ಜನ ಕಾದಿರ್ತಾರೆ. ನಿವೃತ್ತರು, ಪರೀಕ್ಷೆಗೆ ಓದೋ ಹುಡುಗ ಹುಡುಗಿಯರು, ಕೆಲಸದ ಜಾಹೀರಾತು ನೋಡೋಕೆ ಬರೋರು, ಸುಮ್ಮನೆ ಫ್ಯಾನ್ ಕೆಳಗೆ ಕೂತು ಹೋಗೋರು. ಇವರ ಬಗ್ಗೆ ಒಂದು ಸರಣಿ ಮಾಡೋಣ ಅಂತ ಬಿಡುವಾದಾಗಲೆಲ್ಲ ಹೋಗಿ ಫೋಟೋ ತೆಗೀತಿದ್ದೀನಿ. ಹಳೇ ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರ್ ಇರೋ) ಕ್ಯಾಮೆರಾ, 50 ಎಂಎಂ ಲೆನ್ಸ್. ಗ್ರಂಥಪಾಲಕರು ಸಂತೋಷವಾಗಿ ಅನುಮತಿ ಕೊಟ್ಟಿದ್ದಾರೆ. ಕೊನೆಗೆ ಅದೇ ಹಾಲಿನಲ್ಲಿ ಒಂದು ಸಣ್ಣ ಪ್ರದರ್ಶನ ಇಡೋಣ ಅಂತಾನೂ ಹೇಳಿದ್ದಾರೆ.

ಒಂದೊಂದೇ ಫೋಟೋ ನೋಡಿದರೆ ಚೆನ್ನಾಗಿವೆ. ಸುಕ್ಕುಗಟ್ಟಿದ ಮುಖ, ಕನ್ನಡಕದಲ್ಲಿ ಕಿಟಕಿಯ ಪ್ರತಿಬಿಂಬ, ಹಿನ್ನೆಲೆ ಮಸುಕು. ಪ್ರಿಂಟ್ ಹಾಕಿಸಿ ನೆಲದ ಮೇಲೆ ಸಾಲಾಗಿ ಜೋಡಿಸಿದಾಗ ಮಾತ್ರ ಏನೂ ಆಗ್ತಿಲ್ಲ. ನನ್ನ ತಮ್ಮ ನೋಡಿ, "ಚೆನ್ನಾಗಿವೆ ಅಕ್ಕ, ಆದ್ರೆ ಇವರೆಲ್ಲ ಒಂದೇ ಜಾಗಕ್ಕೆ ಬರೋರು ಅಂತ ಗೊತ್ತೇ ಆಗಲ್ಲ" ಅಂದ.

ಎಲ್ಲಿ ಎಡವುತ್ತಿದೆ? ಎಷ್ಟು ಚಿತ್ರ ಇರಬೇಕು? ಅಡಿಬರಹ ಹಾಕಬೇಕಾ, ಇಲ್ಲ ಚಿತ್ರವೇ ಮಾತಾಡಬೇಕಾ? ಎಲ್ಲವನ್ನೂ ಕಪ್ಪು ಬಿಳುಪು ಮಾಡಿದರೆ ಒಂದಕ್ಕೊಂದು ಹೊಂದಿಕೊಳ್ಳುತ್ತಾ?


ಕತ್ತಲೆಕೋಣೆ ಉತ್ತರಿಸಿದ್ದಾರೆ:

ನಿಮ್ಮ ತಮ್ಮನಿಗೆ ಕಣ್ಣಿದೆ. ಅವನ ಮಾತಿನಿಂದಲೇ ಶುರು ಮಾಡೋಣ. ಪತ್ರಿಕೆಯಲ್ಲಿ ಬಹಳ ವರ್ಷ ಕ್ಯಾಮೆರಾ ಹೊತ್ತವನು ನಾನು. ಉದ್ದ ಬರೆಯುವ ಚಾಳಿ ನಿವೃತ್ತಿಯಾದ ಮೇಲೆ ಹತ್ತಿದ್ದು, ಸಹಿಸಿಕೊಳ್ಳಿ.

ಕ್ರಾಪ್ ಸೆನ್ಸರ್ ಮೇಲೆ 50 ಎಂಎಂ ಹಾಕಿದರೆ ನೋಟ ಕಿರಿದಾಗಿ, ದೊಡ್ಡ ಸೆನ್ಸರ್ ಮೇಲಿನ ಹೆಚ್ಚುಕಡಿಮೆ 75-80 ಎಂಎಂ ಲೆನ್ಸಿನದರಂತೆ ಆಗುತ್ತದೆ. ಮುಖ ತೆಗೆಯಲೆಂದೇ ಹೇಳಿ ಮಾಡಿಸಿದ ಹಾಗಿರುತ್ತದೆ. ಅದರ ಮೇಲೆ ಎಫ್ 1.8ರಲ್ಲಿ, ಅಂದರೆ ಲೆನ್ಸಿನ ಕಿಂಡಿ ಅಗಲ ತೆರೆದು ಹಿನ್ನೆಲೆ ಮಸುಕಾಗುವ ಹಾಗೆ, ತೆಗೆಯುತ್ತಿದ್ದೀರಿ ಅಂತ ನನ್ನ ಊಹೆ. ಅಲ್ಲಿಗೆ ಮೇಜು ಹೋಯಿತು, ಕಿಟಕಿ ಹೋಯಿತು, ಪಕ್ಕದಲ್ಲಿ ಕೂತವರು ಹೋದರು, ಕಿವಿಯೂ ಅರ್ಧ ಹೋಯಿತು. ವಾಚನಾಲಯವನ್ನೇ ಅಳಿಸಿ ಹಾಕಿ ಆಮೇಲೆ ಅದರ ಕತೆ ಹುಡುಕಿದರೆ ಎಲ್ಲಿಂದ ಬರಬೇಕು? 24 ಎಂಎಂ ಆಸುಪಾಸಿನ, ಇನ್ನೂ ಅಗಲಕ್ಕೆ ನೋಡುವ ಲೆನ್ಸ್ ಯಾರ ಹತ್ತಿರವಾದರೂ ಎರವಲು ತನ್ನಿ. ಕ್ಯಾಮೆರಾ ಜೊತೆ ಬಂದ ಕಿಟ್ ಲೆನ್ಸ್ ಆದರೂ ಧಾರಾಳವಾಗಿ ನಡೆಯುತ್ತದೆ. ಹಿನ್ನೆಲೆಯೂ ಕಾಣಲಿ ಅಂತ ಎಫ್ 5.6 ಇಡಿ, ಶಟರ್ 1/125 ಸೆಕೆಂಡಿಗಿಂತ ನಿಧಾನ ಬೇಡ, ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ ಹೇಳುವ ಐಎಸ್‌ಒ 1600ಕ್ಕೋ 3200ಕ್ಕೋ ಏರಿದರೆ ಏರಲಿ. ಅದರಿಂದ ಚಿತ್ರ ಕಾಳುಕಾಳಾಗಿ ಕಾಣಿಸಿತು ಅಂತ ಯಾವ ಓದುಗರೂ ಸಂಪಾದಕರಿಗೆ ಪತ್ರ ಬರೆದದ್ದು ನನಗೆ ಗೊತ್ತಿಲ್ಲ.

ಲೆನ್ಸ್ ಮಾತು ಸಾಕು. ಅಸಲಿ ವಿಷಯ ಬೇರೆ. ನೀವು ಜನರನ್ನು ತೆಗೆಯುತ್ತಿದ್ದೀರಿ, ಜನರ ನಡುವೆ ನಡೆಯುವುದನ್ನು ತೆಗೆಯುತ್ತಿಲ್ಲ.

ವಾಚನಾಲಯದಲ್ಲಿ ಒಂದೇ ಪತ್ರಿಕೆಯನ್ನು ನಾಲ್ಕು ಜನ ಹಂಚಿಕೊಂಡು ಓದುವುದನ್ನು ಗಮನಿಸಿದ್ದೀರಾ? ಕ್ರೀಡಾಪುಟ ಬೇಕಾದವನು ಎದುರಿಗೆ ಓದುತ್ತಿರುವವರ ಮುಖ ನೋಡುವುದಿಲ್ಲ, ಅವರ ಕೈಯಲ್ಲಿರುವ ಪತ್ರಿಕೆಯ ಅಂಚು ನೋಡುತ್ತಾನೆ. ಅವರು ಪುಟ ತಿರುವಿ ಒಳಗಿನ ಹಾಳೆ ಸಡಿಲವಾಯಿತೋ, ಮಾತಿಲ್ಲದೆ ಎರಡು ಬೆರಳು ಚಾಚುತ್ತಾನೆ. ಕೊಡುವವರೂ ತಲೆ ಎತ್ತುವುದಿಲ್ಲ, ಹಾಳೆ ಜಾರಿಸಿ ಕಳಿಸುತ್ತಾರೆ. ಹರಾಜು, ವರ್ಗೀಕೃತ ಜಾಹೀರಾತಿನ ಪುಟ ತಾನಾಗಿ ಮೇಜಿನ ಇನ್ನೊಂದು ತುದಿ ಸೇರುತ್ತದೆ, ಅಲ್ಲಿ ಕೂರುವವರಿಗೆ ಅದೇ ಬೇಕು ಅಂತ ಎಲ್ಲರಿಗೂ ಗೊತ್ತು. ಹೊರಡುವ ಮುಂಚೆ ಯಾರೋ ಒಬ್ಬರು ಹಾಳೆಗಳನ್ನೆಲ್ಲ ಒಟ್ಟು ಮಾಡಿ, ಪುಟಸಂಖ್ಯೆ ನೋಡಿ, ಅಂಚು ಕುಟ್ಟಿ ಮಡಚಿಡುತ್ತಾರೆ. ಅದು ಅವರ ಕೆಲಸವಲ್ಲ, ಯಾರೂ ಹೇಳಿಯೂ ಇಲ್ಲ. ಇವರೆಲ್ಲ ಒಬ್ಬರನ್ನೊಬ್ಬರು ಬಲ್ಲರು, ಬಹುಶಃ ಹೆಸರು ಕೇಳಿದರೆ ಹೇಳಲಾರರು. ಆ ಮೇಜನ್ನು ಸ್ವಲ್ಪ ಎತ್ತರದಿಂದ, ಕುರ್ಚಿ ಹತ್ತಿಯಾದರೂ ಸರಿ, ಎಂಟು ಕೈಗಳೂ ನಾಲ್ಕು ಹಾಳೆಗಳೂ ಕಾಣುವ ಹಾಗೆ ತೆಗೆಯಿರಿ. ನಿಮ್ಮ ತಮ್ಮ ಕೇಳಿದ್ದು ಆ ಚಿತ್ರವನ್ನು.

ಏನು ತೆಗೆಯಬೇಕು ಅಂತ ಹೊಳೆಯದಿದ್ದಾಗ ನಾನು ರಾಯ್ ಸ್ಟ್ರೈಕರ್‌ನನ್ನು ನೆನೆಯುತ್ತೇನೆ. ಈತ ಛಾಯಾಗ್ರಾಹಕನೇ ಅಲ್ಲ, ಅರ್ಥಶಾಸ್ತ್ರ ಪಾಠ ಮಾಡಿಕೊಂಡಿದ್ದವನು. 1935ರಿಂದ ಅಮೆರಿಕ ಸರ್ಕಾರದ ಪರವಾಗಿ, ಆರ್ಥಿಕ ಕುಸಿತದ ಕಾಲದ ಹಳ್ಳಿ ಪಟ್ಟಣಗಳ ಚಿತ್ರ ತೆಗೆಸಿದ ತಂಡದ ಮುಖ್ಯಸ್ಥ. ಹೊರಡುವ ಮುಂಚೆ ಛಾಯಾಗ್ರಾಹಕರ ಕೈಗೆ ಪ್ರಶ್ನೆಗಳ ಪಟ್ಟಿ ಕೊಡುತ್ತಿದ್ದ. 1936ರಲ್ಲಿ ಸಮಾಜಶಾಸ್ತ್ರಜ್ಞ ರಾಬರ್ಟ್ ಲಿಂಡ್ ಜೊತೆ ಮಾತಾಡಿ ಬರೆದ ಪಟ್ಟಿಯಲ್ಲಿ, ಈ ಊರಲ್ಲಿ ಜನ ಎಲ್ಲಿ ಸೇರುತ್ತಾರೆ, ಗಂಡಸರಿಗೆ ಇರುವಷ್ಟೇ ಸೇರುವ ಜಾಗಗಳು ಹೆಂಗಸರಿಗೂ ಇವೆಯೇ, ಬೇರೆ ಬೇರೆ ವರಮಾನದವರು ಸಂಜೆ ಹೇಗೆ ಕಳೆಯುತ್ತಾರೆ, ಮನೆಯ ಗೋಡೆ ಮೇಲೆ ಏನು ತೂಗುಹಾಕುತ್ತಾರೆ, ಇಂಥವೆಲ್ಲ ಇದ್ದವು. ಮೊನ್ನೆ ಕೇಳಿದ ಪ್ರಶ್ನೆಗಳ ಹಾಗಿಲ್ಲವೇ? ಎರಡನೆಯದನ್ನು ನಿಮ್ಮ ಹಾಲಿಗೆ ಹಚ್ಚಿ ನೋಡಿ. ನೀವು ಪಟ್ಟಿ ಮಾಡಿದವರಲ್ಲಿ ನಿವೃತ್ತ ಹೆಂಗಸರು ಎಷ್ಟಿದ್ದಾರೆ? ಇಲ್ಲದಿದ್ದರೆ ಅವರು ಆ ಹೊತ್ತಿನಲ್ಲಿ ಎಲ್ಲಿದ್ದಾರೆ? ಬರಲಾಗದವರೂ ಈ ಕತೆಯೊಳಗೇ ಇದ್ದಾರೆ. (ಇದೇ ಸ್ಟ್ರೈಕರ್ ತನಗೆ ಹಿಡಿಸದ ನೆಗೆಟಿವ್‌ಗಳಿಗೆ ರಂಧ್ರ ಹೊಡೆದು ಕೆಡಿಸುತ್ತಿದ್ದ. ಆ ಕಾಲದಲ್ಲಿ ನಾನಿದ್ದಿದ್ದರೆ ಜಗಳ ಗ್ಯಾರಂಟಿ.)

ಚಿತ್ರ ಚಿತ್ರಕ್ಕೆ ನಂಟು ಹೇಗೆ ಬೆಳೆಯುತ್ತದೆ ಅನ್ನುವುದಕ್ಕೆ ಛಾಯಾಗ್ರಾಹಕ ಡಬ್ಲ್ಯು. ಯೂಜೀನ್ ಸ್ಮಿತ್ 1948ರಲ್ಲಿ ಅಮೆರಿಕದ 'ಲೈಫ್' ಪತ್ರಿಕೆಗೆ ಮಾಡಿದ ಹಳ್ಳಿ ವೈದ್ಯರ ಸರಣಿ ನೋಡಿ. ಕೊಲರಾಡೋದ ಕ್ರೆಮ್ಲಿಂಗ್ ಎಂಬ ಪುಟ್ಟ ಊರು, ಡಾ. ಅರ್ನೆಸ್ಟ್ ಸೆರಿಯಾನಿ ಎಂಬ ವೈದ್ಯರು. ಸ್ಮಿತ್ 23 ದಿನ ಅವರ ಬೆನ್ನು ಬಿಡಲಿಲ್ಲ. ವೈದ್ಯರಿಗೆ ತನ್ನ ಇರವು ಅಭ್ಯಾಸವಾಗಲಿ ಅಂತ ಮೊದಮೊದಲು ಕ್ಯಾಮೆರಾದಲ್ಲಿ ಫಿಲ್ಮನ್ನೇ ಹಾಕಿರಲಿಲ್ಲ ಅಂತ ಹೇಳುತ್ತಾರೆ. ರಾತ್ರಿಯ ಶಸ್ತ್ರಚಿಕಿತ್ಸೆ ಮುಗಿಸಿ, ಟೋಪಿಯನ್ನೂ ತೆಗೆಯದೆ, ಕೈಯಲ್ಲಿ ಕಾಫಿ ಲೋಟ ಹಿಡಿದು ಆಸ್ಪತ್ರೆಯ ಅಡುಗೆಮನೆಯಲ್ಲಿ ಒರಗಿ ನಿಂತ ವೈದ್ಯರ ಚಿತ್ರ ಜಗತ್ಪ್ರಸಿದ್ಧ. ಅದೊಂದನ್ನೇ ನೋಡಿದರೆ ಕಾಣುವುದು ಸುಸ್ತಾದ ಒಬ್ಬ ಮನುಷ್ಯ. ಅದಕ್ಕೂ ಮುಂಚೆ ರೋಗಿಗಳ ಮನೆಗೆ ಓಡಾಡಿದ್ದು, ಪೆಟ್ಟಾದ ಮಗುವಿನ ತಲೆಗೆ ಪಟ್ಟಿ ಕಟ್ಟಿದ್ದು, ಪಕ್ಕದಲ್ಲಿ ತಂದೆತಾಯಿ ನಿಂತಿದ್ದ ರೀತಿ ಇವೆಲ್ಲ ಕಂಡ ಮೇಲೆ ಆ ಸುಸ್ತು ಯಾರಿಗಾಗಿ ಅಂತ ತಿಳಿಯುತ್ತದೆ. ಹಾಗಾಗಿ ನಿಮ್ಮ ಮುಖಗಳನ್ನು ಬಿಸಾಡಬೇಡಿ. ಮೇಜಿನ ಚಿತ್ರ, ಕೈಗಳ ಚಿತ್ರ, ಬಾಗಿಲು ತೆಗೆಯುವ ಮುಂಚಿನ ಮೆಟ್ಟಿಲ ಚಿತ್ರ ಆದ ಮೇಲೆ ಒಂದೋ ಎರಡೋ ಮುಖ ಬರಲಿ.

ಎಷ್ಟು ಚಿತ್ರ? ಒಂದು ಗೋಡೆಗೆ 10ರಿಂದ 12 ಸಾಕು. ಒಂದೇ ಮಾತು ಹೇಳುವ ಎರಡು ಚಿತ್ರ ಇದ್ದರೆ ಒಂದನ್ನು ಕೈಬಿಡಿ, ಹೆಚ್ಚು ಚಂದ ಇರುವುದೇ ಹೋಗಬೇಕಾಗಿ ಬಂದರೂ.


ಬೆಳ್ಳಿಉಪ್ಪು ಉತ್ತರಿಸಿದ್ದಾರೆ:

ಕಪ್ಪು ಬಿಳುಪು ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳ್ತೀನಿ. ಬಣ್ಣಗಳು ಕಿತ್ತಾಡ್ತಿದ್ದರೆ, ಒಂದು ಕಡೆ ಟ್ಯೂಬ್‌ಲೈಟು ಇನ್ನೊಂದು ಕಡೆ ಕಿಟಕಿ ಬೆಳಕು ಬಿದ್ದು ಅರ್ಧ ಮುಖ ಹಸಿರು ಅರ್ಧ ನೀಲಿ ಆಗಿದ್ದರೆ ಮಾಡಿ, ತಪ್ಪೇನಿಲ್ಲ. ಗಾಂಭೀರ್ಯ ಬರಲಿ ಅಂತ ಮಾಡಬೇಡಿ. ವಯಸ್ಸಾದವರ ಮುಖ ಕಂಡ ಕೂಡಲೇ ಕಪ್ಪು ಬಿಳುಪು ಮಾಡಿ, ಕಾಂಟ್ರಾಸ್ಟ್ ಏರಿಸಿ, ಸುಕ್ಕು ಎಣಿಸೋ ಹಾಗೆ ಮಾಡೋದು ಈ ಗುಂಪಿನ ಅಂಟುರೋಗ. ನಮ್ಮ ಟಿ. ಎಸ್. ಸತ್ಯನ್ ಅವರ ಕಪ್ಪು ಬಿಳುಪು ಚಿತ್ರ ನೋಡಿ. ಮಕ್ಕಳು ಆಡ್ತಿರ್ತಾರೆ, ದೊಡ್ಡವರು ತಮ್ಮ ಪಾಡಿಗೆ ಕೆಲಸ ಮಾಡ್ತಿರ್ತಾರೆ, ಯಾರನ್ನೂ ಅಯ್ಯೋ ಪಾಪ ಅನ್ನೋ ಹಾಗೆ ತೋರಿಸಿಲ್ಲ. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕ್‌ನ ವಿಶ್ವಸಂಸ್ಥೆ ಕಚೇರಿಯಲ್ಲೇ ಪ್ರದರ್ಶನಗೊಂಡವು.

ಬೆಳಕಿನ ಗೊಂದಲ ಇದ್ದರೆ ಟ್ಯೂಬ್‌ಲೈಟ್ ಆರಿಸೋಕೆ ಗ್ರಂಥಪಾಲಕರನ್ನು ಕೇಳಿ. ಓದೋರಿಗೆ ತೊಂದರೆ ಆಗದಿದ್ದರೆ ಮಾತ್ರ.


ಅಡ್ಡಗೆರೆ ಉತ್ತರಿಸಿದ್ದಾರೆ:

ಮೇಲಿನ ಉತ್ತರಗಳೆಲ್ಲ ಹೇಗೆ ತೆಗೆಯೋದು ಅನ್ನೋದರ ಬಗ್ಗೆ. ನನಗೆ ಪ್ರಶ್ನೆಯಲ್ಲೇ ಒಂದು ಮಾತು ಚುಚ್ಚಿತು: "ಗ್ರಂಥಪಾಲಕರು ಅನುಮತಿ ಕೊಟ್ಟಿದ್ದಾರೆ." ಅವರು ಕೊಡಬಹುದಾದದ್ದು ಕಟ್ಟಡದ ಅನುಮತಿ. ಕೂತು ಓದೋರ ಮುಖ ಅವರದಲ್ಲ.

ಕೆಲಸ ಹುಡುಕೋರು ಬರ್ತಾರೆ ಅಂದ್ರಿ. ಕೆಲಸ ಹೋಗಿರೋದನ್ನ ಮನೆಯಲ್ಲಿ ಹೇಳದೆ, ಬೆಳಗ್ಗೆ ಚೀಲ ಹಾಕ್ಕೊಂಡು ಹೊರಟು ವಾಚನಾಲಯದಲ್ಲಿ ಕೂರೋರು ಇರ್ತಾರೆ. ಪರೀಕ್ಷೆಗೆ ನಾಲ್ಕನೇ ಸಲ ಕೂತಿರೋದು ಸಂಬಂಧಿಕರಿಗೆ ಗೊತ್ತಾಗೋದು ಬೇಡ ಅನ್ನೋ ಹುಡುಗಿ ಇರ್ತಾಳೆ. ಅದೇ ಬೀದಿಯಲ್ಲಿ ಪ್ರದರ್ಶನ ಇಟ್ಟರೆ ನೋಡೋಕೆ ಬರೋದು ಅವರ ನೆಂಟರಿಷ್ಟರೇ. ಪರಸ್ಥಳದವರ ಫೋಟೋ ತೆಗೆಯೋದಕ್ಕೂ ನೆರೆಯವರ ಫೋಟೋ ತೆಗೆಯೋದಕ್ಕೂ ಇರೋ ವ್ಯತ್ಯಾಸ ಇದು.

ಡೊರೊಥಿಯಾ ಲ್ಯಾಂಗ್ ತೆಗೆದ ವಲಸೆ ತಾಯಿಯ ಚಿತ್ರ ಎಲ್ಲರೂ ನೋಡಿದ್ದೀರಿ. 1936ರ ಮಾರ್ಚ್, ಕ್ಯಾಲಿಫೋರ್ನಿಯಾದ ನಿಪೋಮೋ ಹತ್ತಿರ ಬಟಾಣಿ ಬಿಡಿಸೋರ ಬಿಡಾರ. ಸ್ಟ್ರೈಕರ್ ತಂಡದ ಕೆಲಸವೇ ಅದೂ. ಲ್ಯಾಂಗ್ ಕೆಲವೇ ನಿಮಿಷ ಅಲ್ಲಿದ್ದದ್ದು, ಹೆಸರೂ ಕೇಳಲಿಲ್ಲ. ಪತ್ರಿಕೆಯಲ್ಲಿ ಸುದ್ದಿಯಾಗಿ ಬಿಡಾರಕ್ಕೆ ಆಹಾರ ಬಂತು ನಿಜ, ಅಷ್ಟರಲ್ಲಿ ಆ ತಾಯಿ ಮಕ್ಕಳನ್ನ ಕಟ್ಟಿಕೊಂಡು ಮುಂದಕ್ಕೆ ಹೋಗಿ ಆಗಿತ್ತು. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅಂತ ಜಗತ್ತಿಗೆ ತಿಳಿದದ್ದು 1978ರಲ್ಲಿ. ಆ ಚಿತ್ರದಿಂದ ತನಗೆ ಒಂದು ಕಾಸೂ ಬರಲಿಲ್ಲ, ಅದನ್ನು ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತು ಅಂತ ಆಕೆ ಹೇಳಿಕೊಂಡರು.

ಹಾಗಾಗಿ ಒಬ್ಬೊಬ್ಬರನ್ನೂ ಕೇಳಿ, ಎರಡು ಸಲ ಕೇಳಿ. ತೆಗೆಯೋವಾಗ ಒಂದು ಸಲ, ಪ್ರಿಂಟ್ ತೋರಿಸಿ "ಇದನ್ನ ಗೋಡೆಗೆ ಹಾಕಲಾ?" ಅಂತ ಇನ್ನೊಂದು ಸಲ. ಹದಿನೆಂಟು ತುಂಬದವರಿದ್ದರೆ ಮನೆಯವರನ್ನೂ ಕೇಳಿ. ಇಂಟರ್‌ನೆಟ್‌ಗೆ ಹಾಕೋದಾದರೆ ಅದು ಬೇರೆಯೇ ಅನುಮತಿ, ಗೋಡೆಗೆ ಒಪ್ಪಿದವರು ಅದಕ್ಕೂ ಒಪ್ಪಿದ್ದಾರೆ ಅಂದುಕೊಳ್ಳಬೇಡಿ. ಫೋನ್‌ನಲ್ಲಿ ತೆಗೆದ ಚಿತ್ರದ ಫೈಲ್ ಒಳಗೆ ಜಾಗದ ಮಾಹಿತಿ ಕೂತಿರುತ್ತೆ, ಅದನ್ನು ಅಳಿಸಿ.


ಪುಟಸಂಖ್ಯೆ_7 ಉತ್ತರಿಸಿದ್ದಾರೆ:

ಉಪಸಂಪಾದಕಿಯ ಕೆಲಸ ನನ್ನದು, ಅಡಿಬರಹ ಬರೆಯೋದು ದಿನದ ಪಾಡು. ಚಿತ್ರವೇ ಮಾತಾಡಬೇಕು ಅನ್ನೋರು ಸಾಮಾನ್ಯವಾಗಿ ಅಡಿಬರಹ ಬರೆಯೋಕೆ ಸೋಮಾರಿಗಳು.

"ಓದಿನಲ್ಲಿ ಮಗ್ನರಾದ ಹಿರಿಯರು" ಅಂತ ಬರೀಬೇಡಿ, ಅದು ಚಿತ್ರದಲ್ಲೇ ಕಾಣುತ್ತೆ. ಕಾಣದ್ದನ್ನ ಬರೀರಿ. ಅವರು ಯಾವ ಪುಟದಿಂದ ಓದೋಕೆ ಶುರು ಮಾಡ್ತಾರೆ, ಯಾವ ಕುರ್ಚಿ ಬಿಟ್ಟು ಬೇರೆಡೆ ಕೂರಲ್ಲ, ಈ ಹಾಲಿಗೆ ಬರೋಕೆ ಮುಂಚೆ ಎಲ್ಲಿ ಹೋಗ್ತಿದ್ದರು. ಅವರ ಬಾಯಲ್ಲಿ ಬಂದ ಒಂದು ವಾಕ್ಯ ಇದ್ದರೆ ತಿದ್ದದೆ ಹಾಗೇ ಹಾಕಿ.

ಇನ್ನೂ ಒಳ್ಳೆಯದು ಅವರ ಕೈಲೇ ಬರೆಸೋದು. ಜಿಮ್ ಗೋಲ್ಡ್‌ಬರ್ಗ್ 1970ರ ದಶಕದ ಕೊನೆಯಿಂದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬಡವರ, ಸಿರಿವಂತರ ಮನೆಗಳಲ್ಲಿ ಫೋಟೋ ತೆಗೆದು, ಪ್ರಿಂಟ್ ಕೊಂಡೊಯ್ದು, ಅದರ ಕೆಳಗಿನ ಖಾಲಿ ಜಾಗದಲ್ಲಿ ಅವರಿಗೆ ತೋಚಿದ್ದು ಬರೆಯೋಕೆ ಹೇಳ್ತಿದ್ದರು. ಚಿತ್ರ ಒಂದು ಹೇಳುತ್ತೆ, ಕೈಬರಹ ಅದಕ್ಕೆ ಅಡ್ಡ ಮಾತಾಡುತ್ತೆ. ಅಕ್ಷರದ ಸೊಟ್ಟ, ಕಾಟು, ಹೊಡೆದು ಹಾಕಿದ ಪದ ಎಲ್ಲವೂ ಚಿತ್ರದ ಭಾಗವೇ.

ಒಂದು ಹೆಜ್ಜೆ ಮುಂದೆ ಹೋಗೋ ಧೈರ್ಯ ಇದ್ದರೆ ಕ್ಯಾಮೆರಾನೇ ಅವರ ಕೈಗೆ ಕೊಡಿ. 1990ರ ದಶಕದ ಮೊದಲಲ್ಲಿ ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆನ್ ಬರಿಸ್ ಹಳ್ಳಿ ಹೆಂಗಸರಿಗೆ ಕ್ಯಾಮೆರಾ ಕೊಟ್ಟು, ತಮ್ಮ ಬದುಕು, ಆರೋಗ್ಯದ ಚಿತ್ರ ತಾವೇ ತೆಗೆದು, ಗುಂಪಿನಲ್ಲಿ ಕೂತು ಅದರ ಬಗ್ಗೆ ಮಾತಾಡೋ ಹಾಗೆ ಮಾಡಿದರು. ಫೋಟೋವಾಯ್ಸ್ ಅಂತ ಕರೆದ ಆ ಪದ್ಧತಿ ಈಗ ಎಷ್ಟೋ ದೇಶಗಳಲ್ಲಿ ನಡೀತಿದೆ. ನಿಮ್ಮ ಪರೀಕ್ಷೆ ಹುಡುಗಿ ಆ ಹಾಲಿನಲ್ಲಿ ಏನು ನೋಡ್ತಾಳೆ? ನನ್ನ ಊಹೆ, ಅವಳು ಮುಖ ತೆಗೆಯಲ್ಲ. ಗಡಿಯಾರ ತೆಗೀತಾಳೆ.


ಮೂರನೇ_ಮಹಡಿ ಮತ್ತೆ ಬರೆದಿದ್ದಾರೆ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಎರವಲು ಲೆನ್ಸ್ ಸಿಕ್ಕಿದೆ. ಮೇಜಿನ ಚಿತ್ರ ಸಿಕ್ಕಿತು, ಎಂಟು ಅಲ್ಲ, ಹತ್ತು ಕೈ. ಒಂದು ಕೈ ಪತ್ರಿಕೆಯ ಪದಬಂಧ ತುಂಬಿಸ್ತಿದೆ, ಪಕ್ಕದ ಕೈ ಅದಕ್ಕೆ ಬೆರಳಿಟ್ಟು ತಪ್ಪು ತೋರಿಸ್ತಿದೆ! ತೆಗೆಯೋವಾಗ ನನಗೆ ಇದು ಕಂಡೇ ಇರಲಿಲ್ಲ.

ಪ್ರಿಂಟ್ ತೋರಿಸಿ ಕೇಳಿದಾಗ ಹೆಚ್ಚಿನವರು ಒಪ್ಪಿದರು. ಒಬ್ಬರು ಮಾತ್ರ ಒಲ್ಲೆ ಅಂದರು. ತೊಂದರೆ ಏನಂದ್ರೆ ಇಡೀ ಹಾಲ್ ತಿರುಗೋದೇ ಅವರ ಸುತ್ತ. ಪತ್ರಿಕೆ ಒಟ್ಟು ಮಾಡಿ ಮಡಚಿಡೋದು ಅವರೇ, ಪದಬಂಧಕ್ಕೆ ಬೆರಳಿಟ್ಟಿದ್ದೂ ಅವರೇ. "ಫೋಟೋ ಬೇಡಮ್ಮ" ಅಂದರು, ಕಾರಣ ಹೇಳಲಿಲ್ಲ. ಅವರಿಲ್ಲದೆ ಸರಣಿ ಹೇಗೆ? ಮುಖ ಕಾಣದ ಹಾಗೆ, ಬರೀ ಕೈ ಇಟ್ಟುಕೊಂಡರೆ ಆಗುತ್ತಾ?


ಕತ್ತಲೆಕೋಣೆ ಉತ್ತರಿಸಿದ್ದಾರೆ:

ಹತ್ತು ಕೈ, ಪದಬಂಧ! ಇದನ್ನು ಯಾರು ತಾನೇ ಹೇಳಿಕೊಟ್ಟು ತೆಗೆಸಲು ಸಾಧ್ಯ?

ಕೈ ಇಟ್ಟುಕೊಳ್ಳುವ ಮುಂಚೆ ಅವರನ್ನೇ ಕೇಳಿ. ಆ ಹಾಲಿನವರಿಗೆ ಅವರ ಉಂಗುರ, ಗಡಿಯಾರ, ಬೆರಳಿಡುವ ರೀತಿ ಮುಖದಷ್ಟೇ ಪರಿಚಿತ. ಹೊರಗಿನವರಿಗೆ ಅನಾಮಿಕ ಅನ್ನಿಸುವ ಚಿತ್ರ ನೆರೆಹೊರೆಯಲ್ಲಿ ಅನಾಮಿಕವಾಗಿ ಉಳಿಯುವುದಿಲ್ಲ. ಕೈ ಸರಿ ಅಂದರೆ ಇಡಿ. ಅದೂ ಬೇಡ ಅಂದರೆ ಎಷ್ಟೇ ಹೊಟ್ಟೆ ಉರಿದರೂ ಆ ಚಿತ್ರ ಬಿಡಿ, ಕಾರಣ ಕೆದಕಬೇಡಿ. ಅವರು ಮಡಚಿಟ್ಟು ಹೋದ ಪತ್ರಿಕೆಗಳ ಸಾಲು ತೆಗೆಯಬಹುದು, ಅಂಚು ಕೂಡಿಸಿ ಇಟ್ಟದ್ದು. ಪತ್ರಿಕೆಗಳು ವಾಚನಾಲಯದವು. ಅಡಿಬರಹದಲ್ಲಿ "ಸಂಜೆ ಹೊರಡುವ ಮುಂಚೆ ಒಬ್ಬರು ಇವನ್ನು ಜೋಡಿಸುತ್ತಾರೆ" ಎಂದಷ್ಟೇ ಬರೆಯಿರಿ, ಅದನ್ನೂ ಅವರಿಗೆ ಓದಿ ಹೇಳಿ.

ಅವಸರ ಪಡಬೇಡಿ. ಮಿಲ್ಟನ್ ರೊಗೊವಿನ್ ಅಂತ ಒಬ್ಬ ಕಣ್ಣಿನ ಪರೀಕ್ಷಕರಿದ್ದರು, ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ. 1957ರಲ್ಲಿ ಕಮ್ಯುನಿಸ್ಟ್ ಎಂಬ ಆರೋಪದ ಮೇಲೆ ಅಮೆರಿಕ ಸಂಸತ್ತಿನ ವಿಚಾರಣಾ ಸಮಿತಿಯ ಮುಂದೆ ನಿಲ್ಲಬೇಕಾಗಿ ಬಂದು ವೃತ್ತಿ ನೆಲಕಚ್ಚಿದ ಮೇಲೆ ಗಂಭೀರವಾಗಿ ಕ್ಯಾಮೆರಾ ಹಿಡಿದವರು. 1972ರಲ್ಲಿ ತಮ್ಮ ಊರಿನ ಬಡ ಕೇರಿಯೊಂದರ ಕೆಲವೇ ಬೀದಿಗಳಲ್ಲಿ ಜನರ ಚಿತ್ರ ತೆಗೆಯಲು ಶುರು ಮಾಡಿದರು. ಹೇಗೆ ನಿಲ್ಲಬೇಕು, ಯಾರ ಜೊತೆ ನಿಲ್ಲಬೇಕು ಅನ್ನುವುದು ಆ ಜನಕ್ಕೇ ಬಿಟ್ಟದ್ದು. ಪ್ರಿಂಟ್ ಮಾಡಿ ಅವರಿಗೇ ಕೊಡುತ್ತಿದ್ದರು. ಎಂಬತ್ತರ ದಶಕದಲ್ಲಿ, ತೊಂಬತ್ತರ ದಶಕದಲ್ಲಿ, ಆಮೇಲೆ ತೊಂಬತ್ತು ದಾಟಿದ ವಯಸ್ಸಿನಲ್ಲಿ ಮತ್ತೆ ಹೋಗಿ ಅದೇ ಜನರನ್ನು ಹುಡುಕಿ ತೆಗೆದರು. ನೇರ ನಿಂತು ಕ್ಯಾಮೆರಾ ನೋಡುವ ಸರಳ ಮುಖಚಿತ್ರಗಳೇ ಅವು. ನಾನು ಮೇಲೆ ಮುಖಗಳ ಬಗ್ಗೆ ಆಡಿದ ಮಾತಿಗೆಲ್ಲ ಅಪವಾದ. ನಾಲ್ಕು ಚಿತ್ರ ಪಕ್ಕಪಕ್ಕ ಇಟ್ಟರೆ ಮಡಿಲ ಮಗು ನಾಲ್ಕನೆಯದರಲ್ಲಿ ತಾನೇ ತಾಯಿಯಾಗಿ ನಿಂತಿರುತ್ತಾಳೆ.

ಫೋಟೋ ಒಲ್ಲೆ ಅಂದ ಅವರಿಗೆ ಇನ್ನೊಂದು ಕೆಲಸ ಒಪ್ಪಿಸಿ ನೋಡಿ. ಪ್ರಿಂಟ್‌ಗಳನ್ನೆಲ್ಲ ಆ ಉದ್ದನೆಯ ಮೇಜಿನ ಮೇಲೆ ಹರಡಿ, ಯಾವುದು ಯಾವುದರ ಪಕ್ಕ ಇರಬೇಕು ಅಂತ ಅವರನ್ನು ಕೇಳಿ. ದಿನಾ ಹಾಳೆ ಜೋಡಿಸುವವರು, ನಮಗಿಂತ ಚೆನ್ನಾಗಿ ಜೋಡಿಸಿಯಾರು. ಆಗುವುದಿಲ್ಲ ಅಂದರೆ ನಿಮ್ಮ ತಮ್ಮನನ್ನು ಕರೆದುಕೊಂಡು ಹೋಗಿ.